ಚರಗಿಯ ಕೆಳಗಿನ ಬೆರಳು

ಬಸ್ಸು ವಿಜಾಪುರ ದಾಟಿ ಅಥಣಿ ರಸ್ತೆಗೆ ಬಿದ್ದ ಮೇಲೆಯೇ ನೀಲಗಂಗಾ ತಾನು ತಿಕೋಟಾಕ್ಕೆ ಹೊರಟಿದ್ದೇನೆಂದು ಒಪ್ಪಿಕೊಂಡಳು. ಮನೆ ಬಿಡುವಾಗ ಅವ್ವನಿಗೆ ಹೇಳಿದ್ದು ಬೇರೆ: ಗಾಂಧಿ ಚೌಕಕ್ಕೆ ಹೋಗಿ, ಸಾಲೆಯಲ್ಲಿ ನಾನು ಕಲಿಸುವ ಐದನೆಯ ಇಯತ್ತೆಯ ಹಾಜರಿ ಪುಸ್ತಕಕ್ಕೆ ರಟ್ಟು ಹಾಕಿಸಿಕೊಂಡು ಬರುತ್ತೇನೆ. ಅದು ಸುಳ್ಳಾಗಿರಲಿಲ್ಲ. ಪುಸ್ತಕ ಈಗಲೂ ತೊಡೆಯ ಮೇಲಿತ್ತು. ಬೆನ್ನು ಕಿತ್ತು ದಾರ ಜೋತಾಡುತ್ತಿತ್ತು. ಆದರೆ ರಟ್ಟು ಹಾಕುವವನ ಅಂಗಡಿಯ ಮುಂದೆ ಅವಳ ಕಾಲು ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬೋರ್ಡು ಓದಿ, ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಸೆರಗು ಸರಿಮಾಡಿಕೊಂಡಿದ್ದಳು. ಇಷ್ಟೂ ಕೆಲಸಗಳ ನಡುವೆ ಎಲ್ಲಿಯೂ "ಹೋಗುತ್ತೇನೆ" ಎಂದು ತನಗೆ ತಾನೇ ಅಂದುಕೊಂಡ ನೆನಪಿಲ್ಲ. "ಎಲ್ಲಿಗ್ರಿ ಅಕ್ಕಾರ?" ಎಂದು ಕಂಡಕ್ಟರು ಕೇಳಿದಾಗ ಬಾಯಿ ತೆರೆದು ಸುಮ್ಮನಿದ್ದಳು. "ಕುಂತ ಮ್ಯಾಲ ಎಲ್ಲಿಗರ ಹೋಗಬೇಕಲ್ರಿ. ತಿಕೋಟಾನೋ, ಕನಮಡಿನೋ? ಗಾಡಿ ಕನಮಡಿ ಮುಂದ ಹೋಗೂದಿಲ್ಲ, ಮೊದಲ ಹೇಳಿರ್ತೇನಿ." ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಅವಳು ತಿಕೋಟಾ ಎಂದಳು. ಹೇಳಿದ ಕೂಡಲೇ ಎದೆಯೊಳಗೆ ಒಂದು ಸಮಾಧಾನ ಎದ್ದಿತು: ನೋಡು, ಕಾಲೇ ತಂದುಬಿಟ್ಟಿತು, ನೀನು ಕೆಟ್ಟವಳಲ್ಲ. ಆ ಸಮಾಧಾನದ ರುಚಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ತಿಂಗಳು ಅದನ್ನೇ ನೆಕ್ಕಿಕೊಂಡು ಬದುಕಿದ್ದಳು. ತಾನಾಗಿಯೇ ಬಂದ ಕಾಲು ತಾನಾಗಿಯೇ ಹಿಂದಿರುಗಲೂಬಹುದು. ಅಲ್ಲಿ ಕಾಣಬೇಕಾದ ಹೊಳೆವ್ವ ಮನೆಯಲ್ಲಿ ಇರದಿದ್ದರೆ, ಇದ್ದೂ ಮಾತು ಬಾರದಿದ್ದರೆ, ಅದೂ ತಾನಾಗಿಯೇ ಆದದ್ದು ಎನ್ನಬಹುದು.

ರಸ್ತೆಯ ಎರಡೂ ಕಡೆ ಬಿಳಿಜೋಳ ಕೀಳುವುದು ನಡೆದಿತ್ತು. ಕಿತ್ತ ದಂಟು ಸಾಲುಸಾಲಾಗಿ ಮಲಗಿತ್ತು. ಹೆಂಗಸರ ಕೈಗಳು ಎದ್ದು ಬಾಗಿ ಎದ್ದು ಬಾಗಿ ಹೋಗುತ್ತಿದ್ದವು. ಅವರ ಬಾಯಿ ಮಾತ್ರ ಬೇರೆ ಏನನ್ನೋ ಮಾತಾಡಿ ನಗುತ್ತಿತ್ತು. ಕೈಗೆ ಅದರದೇ ಒಂದು ಬುದ್ಧಿ ಇರುತ್ತದೆ ಎಂದು ಅವಳು ಅಂದುಕೊಂಡಳು, ಕೂಡಲೇ ಆ ಮಾತಿಗೆ ನಾಚಿಕೊಂಡಳು. ಕಳೆದ ನಾಲ್ಕು ದಿನಗಳಿಂದ ಇಂಥ ಮಾತುಗಳು ಅವಳಿಗೆ ಬಹಳ ಸುಲಭವಾಗಿ ಸಿಗುತ್ತಿದ್ದವು. ಬಲಗೈಯ ತೋರುಬೆರಳನ್ನು ಹಾಜರಿ ಪುಸ್ತಕದೊಳಗೆ ತೂರಿಸಿ ಪುಸ್ತಕ ಮುಚ್ಚಿ ಕುಳಿತಳು.

ನಾಲ್ಕು ದಿನದ ಹಿಂದೆ, ಬುಧವಾರ, ರಮಜಾನ್ ಹಬ್ಬಕ್ಕೆಂದು ಹಾಜಿರಾಬಿಯ ಮನೆಗೆ ಸುಣ್ಣ ಹಚ್ಚುತ್ತಿದ್ದರು. ನೀಲಗಂಗಾ ಮತ್ತು ಅವಳ ಅವ್ವ ಬಾಡಿಗೆಗಿದ್ದದ್ದು ಹಾಜಿರಾಬಿಯ ವಾಡೆಯಲ್ಲಿ: ಒಂದು ಅಂಗಳ, ಒಂದು ನಳ, ಆ ಕಡೆ ಹಾಜಿರಾಬಿ ಮತ್ತು ಅವಳ ಸೊಸೆ ಮುಮತಾಜ, ಈ ಕಡೆ ಇವರು. ನಳದ ಮೇಲಿನ ಗೋಡೆಯಲ್ಲಿ ಒಂದು ಮಾಡ ಇತ್ತು. ಸೀಗೆಕಾಯಿ ಡಬ್ಬಿ, ಒಡೆದ ಚಿಮಣಿ, ಏನೇನೋ ಇಡುವ ಮಾಡ. ಮುಮತಾಜ ಅದನ್ನು ಖಾಲಿ ಮಾಡಿ ಕುಂಚ ಒಳಗೆ ತೂರಿಸಿದಾಗ ಹಿಂದಿನ ಗಾರೆ ಹೆಕ್ಕಳಿಕೆ ಎದ್ದು ಬಿತ್ತು, ಅಲ್ಲಿದ್ದ ಸೀಳು ಅಗಲವಾಯಿತು, ಸೀಳಿನೊಳಗಿಂದ ಕೈಗಡಿಯಾರ ಜಾರಿ ಅವಳ ಅಂಗೈಗೆ ಬಂತು. ದೀಪಾವಳಿಯ ಮುಂದೆ ಕಳೆದುಹೋದದ್ದು, ಸೊಲ್ಲಾಪುರದ ಗಿರಣಿಯಲ್ಲಿದ್ದ ಅವಳ ಅಣ್ಣ ಮದುವೆಗೆ ಕೊಟ್ಟದ್ದು. ಮುಮತಾಜ ಚೀರಿದಳು, ನಕ್ಕಳು, ಅತ್ತಳು. ಹಾಜಿರಾಬಿ ಕಟ್ಟೆಯ ಮೇಲಿಂದ ಏಳದೆಯೇ ಹೇಳಿದಳು: "ನೋಡಿದೇನ ಬೇಟಿ? ಚರಗಿ ಸುಳ್ಳ ಹೇಳತೈತೇನ? ಆ ಹೊಳೆವ್ವನ ಇಲ್ಲಿ ಮುಚ್ಚಿಟ್ಟಾಳ, ಆಮ್ಯಾಲ ಒಯ್ದರಾತು ಅಂತ. ಅಷ್ಟರಾಗ ನಾವು ಬರಬ್ಯಾಡ ಅಂದ್ವಿ." ಅವ್ವನೂ ಬಾಗಿಲಲ್ಲಿ ನಿಂತು ಹೌದೌದು ಎಂದಳು. "ಎಂಥಾ ಹೆಣ್ಣಮಗಳವಾ, ಎಷ್ಟ ಸಾದಾ ಕಾಣತಿದ್ಲು." ನೀಲಗಂಗಾ ಕೊಡ ಹಿಡಿದು ನಳದ ಮುಂದೆ ನಿಂತಿದ್ದಳು. ಆಗಲೇ ಅದು ಆಯಿತು. ತಲೆಗೆ ನೆನಪಾಗುವ ಮೊದಲೇ ಬೆರಳಿಗೆ ನೆನಪಾಯಿತು: ಮಾಡದ ಒಳಗಿನ ತಂಪು, ಬೆರಳ ತುದಿಗೆ ಹತ್ತಿದ ಹಳೆಯ ಸುಣ್ಣದ ಹುಡಿ, ಅದನ್ನು ಸೀರೆಯ ಅಂಚಿಗೆ ಒರೆಸಿಕೊಂಡದ್ದು. ಒರೆಸಿಕೊಂಡ ಸೀರೆ ಹಸಿರು ದಡಿಯದ್ದು. ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. "ನಳ ಬಂದ್ ಮಾಡ್ರಿ ಅಕ್ಕಾ, ಎಲ್ಲಿ ಅದೀರಿ?" ಎಂದು ಮುಮತಾಜ ಕೂಗಿದಳು.

ಅವಳು ಅದನ್ನು ಕದ್ದಿರಲಿಲ್ಲ. ಈ ವಾಕ್ಯವನ್ನು ನಾಲ್ಕು ದಿನಗಳಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಅದು ಈಗ ಬೇರೆ ಯಾರದೋ ವಕೀಲನ ಮಾತಿನಂತೆ ಕೇಳುತ್ತಿತ್ತು. ಆ ಮಧ್ಯಾಹ್ನ ಮುಮತಾಜ ಹಿಟ್ಟು ನಾದಲೆಂದು ಗಡಿಯಾರ ಬಿಚ್ಚಿ ನಳದ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿದ್ದಳು. ನೀಲಗಂಗಾ ಸಾಲೆಯಿಂದ ಬಂದು ಕಾಲು ತೊಳೆಯಲು ಬಂದವಳು ಅದನ್ನು ನೋಡಿದಳು. ಪುಟ್ಟ ಮುಖ, ಕಪ್ಪು ಪಟ್ಟಿ. ಇಪ್ಪತ್ತಾರು ವರ್ಷದ, ಬಿ.ಎ. ಮಾಡಿದ, ಮಕ್ಕಳಿಗೆ ಆಸೆ ಒಳ್ಳೆಯದಲ್ಲ ಎಂದು ಕಲಿಸುವ ಅಕ್ಕಾರು ಅದನ್ನು ಎತ್ತಿ ಮಣಿಕಟ್ಟಿಗೆ ಕಟ್ಟಿಕೊಂಡಳು, ಕೈ ಚಾಚಿ ನೋಡಿದಳು, ಆಮೇಲೆ ಕಿವಿಗೆ ಹಿಡಿದಳು. ಬೆನ್ನ ಹಿಂದೆ ಹೊಳೆವ್ವ ಮುಸುರೆಯ ಬುಟ್ಟಿ ಹೊತ್ತು ನಿಂತಿದ್ದಳು. ಎರಡೂ ಮನೆಯ ಭಾಂಡೆ ತೊಳೆಯುವವಳು, ತಿಕೋಟಾದ ಕಡೆಯವಳು. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಊರಿಗೆ ಬಂದವಳು. "ಒಪ್ಪತೈತ್ರಿ ಅಕ್ಕಾರ," ಎಂದಳು. "ನಿಮ್ಮ ಕೈಗೇ ಮಾಡಿಸಿದಂಗೈತಿ." ಪ್ರೀತಿಯಿಂದಲೇ ಹೇಳಿದ್ದು. ಆದರೆ ನೀಲಗಂಗಾಳ ಕಿವಿ ಸುಟ್ಟವು. "ಟೈಮ್ ನೋಡತಿದ್ದೆ," ಎಂದಳು. ಹೊಳೆವ್ವ ಒಂದು ಗಳಿಗೆ ಅವಳ ಕಟ್ಟಿದ ಮಣಿಕಟ್ಟನ್ನೂ, ಮುಖವನ್ನೂ ನೋಡಿ, "ಆತೇನ್ರಿ ಹಂಗಾರ ಟೈಮ್?" ಎಂದು ಹಲ್ಲು ಬಿಟ್ಟು ನಕ್ಕಳು. ಅಷ್ಟೇ. ಬುಟ್ಟಿ ಇಳಿಸಿ ಬೂದಿ ತೆಗೆದುಕೊಂಡು ಕುಕ್ಕರಗಾಲಲ್ಲಿ ಕುಳಿತಳು. ಆಗ ಗಡಿಯಾರ ಬಿಚ್ಚಿ ಕಟ್ಟೆಯ ಮೇಲೆ ಇಟ್ಟೆನೆಂದೇ ಬುಧವಾರದವರೆಗೂ ನೀಲಗಂಗಾಳ ಲೆಕ್ಕ. ಆದರೆ ಕಟ್ಟೆಯ ಪಕ್ಕದಲ್ಲಿ ಹೊಳೆವ್ವ ಕುಳಿತಿದ್ದಳು, ಆ ನಗು ಕುಳಿತಿತ್ತು. ಕೈ ಕೆಳಗೆ ಬಾಗಲು ನಾಚಿ ಮೇಲೆ ಹೋಗಿತ್ತು. ಕಣ್ಣಿಗೆ ಕಾಣದ ಕತ್ತಲೆಯಲ್ಲಿ, ಸೀಗೆಕಾಯಿ ಡಬ್ಬಿಯ ಹಿಂದೆ, ಆ ವಸ್ತುವನ್ನಲ್ಲ, ತನ್ನ ನಾಚಿಕೆಯನ್ನು ಇಟ್ಟುಬಂದಿತ್ತು.

ಬಸ್ಸು ಒಂದು ಹಳ್ಳ ಇಳಿದು ಏರಿತು. ಮುಂದಿನ ಸೀಟಿನ ಮುದುಕ ತನ್ನ ಕೋಳಿಯನ್ನು ಕಂಕುಳಲ್ಲಿ ಬಿಗಿಹಿಡಿದು ತೂಕಡಿಸುತ್ತಿದ್ದ. ನಿದ್ದೆಯಲ್ಲಿಯೂ ಅವನ ಕೈ ಸಡಿಲಾಗಿರಲಿಲ್ಲ. ಗಡಿಯಾರ ಇಟ್ಟದ್ದಕ್ಕೆ ಯಾರಾದರೂ ಕ್ಷಮಿಸುತ್ತಾರೆ. ಮರೆತವರನ್ನು ದೇವರೂ ಕ್ಷಮಿಸುತ್ತಾನೆ. ಆದರೆ ಆಮೇಲಿನದು ಮರೆವಲ್ಲ.

ಎರಡು ದಿನ ಹುಡುಕಿ ಸಿಗದಾದಾಗ ಹಾಜಿರಾಬಿ ಬಬಲೇಶ್ವರದಿಂದ ಬುಡ್ಡೇಸಾಬನನ್ನು ಕರೆಸಿದಳು. ಕಳವಾದಲ್ಲಿ ಚರಗಿ ತಿರುಗಿಸಿ ಕಳ್ಳರನ್ನು ತೋರಿಸುವ ಮುದುಕ. ಕೂಲಿಯೆಂದು ಎಲೆ ಅಡಿಕೆ ಬಿಟ್ಟರೆ ಏನನ್ನೂ ಮುಟ್ಟುವವನಲ್ಲ. ನೀರು ಕುಡಿಯುವ ತಾಮ್ರದ ಚರಗಿ ಖಾಲಿ ಮಾಡಿ, ಅದರ ಕಂಠದ ಕೆಳಗೆ ಇಬ್ಬರು ಎದುರುಬದುರು ಕುಳಿತು ಒಂದೊಂದು ಬೆರಳ ತುದಿ ಕೊಟ್ಟು ಎತ್ತಬೇಕು. ಅನುಮಾನ ಇದ್ದವರ ಹೆಸರಿನ ಚೀಟಿ ಒಂದೊಂದಾಗಿ ಅದರೊಳಗೆ ಬೀಳುತ್ತದೆ. ಅವನು ಮಂತ್ರದಂತೆ ಏನೋ ಓದುತ್ತಾನೆ. ಕದ್ದವರ ಹೆಸರು ಬಿದ್ದಾಗ ಚರಗಿ ತಾನೇ ತಿರುಗುತ್ತದೆ. ಒಂದು ಬೆರಳು ಮುಮತಾಜಳದು. ಇನ್ನೊಂದಕ್ಕೆ ಬುಡ್ಡೇಸಾಬ ಅಂಗಳದ ಈ ಕಡೆ ನೋಡಿದ. "ಓದಿದಾಕಿ ಹಿಡೀಲೆವ್ವಾ. ಎರಡೂ ಮನಿ ಬೆರಳ ಇರಲಿ. ನಾಳಿ ಒಬ್ಬರೂ ಮಾತಾಡೂದ ಬ್ಯಾಡ." ನೀಲಗಂಗಾ ಒಳಗೊಳಗೆ ನಕ್ಕಳು. ಧಾರವಾಡದಲ್ಲಿ ಮನಃಶಾಸ್ತ್ರದ ತರಗತಿಯಲ್ಲಿ ಮೇಷ್ಟ್ರು ದಾರಕ್ಕೆ ಉಂಗುರ ಕಟ್ಟಿ ಅವಳ ಕೈಗೇ ಕೊಟ್ಟಿದ್ದರು: ಕೈ ಅಲುಗಿಸಬೇಡ, ಉಂಗುರ ದುಂಡಗೆ ತಿರುಗುತ್ತದೆಂದು ಬರೀ ನೆನೆಸಿಕೋ. ಅವಳು ಕೈ ಅಲುಗಿಸಿರಲಿಲ್ಲ, ಉಂಗುರ ತಿರುಗಿತ್ತು, ತರಗತಿಯೇ ನಕ್ಕಿತ್ತು. ಮನಸ್ಸು ಬಯಸಿದ್ದನ್ನು ಸ್ನಾಯು ಕದ್ದು ಮಾಡುತ್ತದೆ, ಮಾಡಿದವರಿಗೇ ಗೊತ್ತಾಗುವುದಿಲ್ಲ ಎಂದು ಅವರು ಹೇಳಿದ್ದನ್ನು ಅವಳು ಅಂದವಾಗಿ ಬರೆದುಕೊಂಡಿದ್ದಳು. ಅದಕ್ಕೇ ಹಿಡಿಯಲು ಒಪ್ಪಿದಳು. ನಾನು ಹಿಡಿದರೆ ತಿರುಗುವುದಿಲ್ಲ, ಇದು ಏನೂ ಅಲ್ಲವೆಂದು ಇವರಿಗೆ ತಿಳಿಯುತ್ತದೆ, ಯಾರ ಮೇಲೂ ಅಪವಾದ ಬರುವುದಿಲ್ಲ. ಒಳ್ಳೆಯ ಉದ್ದೇಶ. ಅಕ್ಷರ ಚಂದವೆಂದು ಚೀಟಿ ಬರೆಯುವ ಕೆಲಸವನ್ನೂ ಅವಳಿಗೇ ಕೊಟ್ಟರು. ಹಾಲಿನ ದುಂಡವ್ವ, ಸೀರೆಯ ಗಂಟು ಹೊತ್ತು ತಿರುಗುವ ದಾವಲಬಿ, ಹೊಳೆವ್ವ. ಮೂರು ಹೆಸರು. ಇನ್ನೂ ಯಾರಾದರೂ ಇದ್ದಾರೇನು ಎಂದು ಬುಡ್ಡೇಸಾಬ ಕೇಳಿದಾಗ ಯಾರೂ ನಾಲ್ಕನೆಯ ಹೆಸರು ಹೇಳಲಿಲ್ಲ. ಅವಳೂ ಬರೆಯಲಿಲ್ಲ. ನೋಟುಬುಕ್ಕಿನ ಹಾಳೆ ಹರಿದು ಬರೆಯುವಾಗ ಮೂರನೆಯ ಚೀಟಿಗೆ ಅಂಚಿನ ಭಾಗ ಬಂತು. ಅಂಚಿನಲ್ಲಿ ಕೆಂಪು ಗೆರೆ ಇತ್ತು.

ಚೀಟಿಗಳನ್ನು ಮಡಿಸಿ ಕಲಸಿದರು. ಯಾರಿಗೂ ಯಾವುದೆಂದು ಗೊತ್ತಿರಬಾರದು ಎಂಬುದೇ ಅದರ ನ್ಯಾಯ. ಮೊದಲನೆಯದು ಬಿತ್ತು. ಚರಗಿ ಸುಮ್ಮನಿತ್ತು. ಎರಡನೆಯದು ಬುಡ್ಡೇಸಾಬನ ಬೆರಳುಗಳ ನಡುವೆ ಬಂದಾಗ ಮಡಿಕೆಯ ತುದಿಯಲ್ಲಿ ಕೂದಲೆಳೆಯಷ್ಟು ಕೆಂಪು ಕಂಡಿತು. ಕಂಡಿತು ಎಂಬುದು ಈಗ ಗೊತ್ತು. ಆಗ ಗೊತ್ತಿರಲಿಲ್ಲ ಎಂದು ನಾಲ್ಕು ತಿಂಗಳು ಹೇಳಿಕೊಂಡಿದ್ದಳು. ಹೊಳೆವ್ವ ಕಂಬಕ್ಕೊರಗಿ ನಿಂತಿದ್ದಳು. ನೀಲಗಂಗಾಳ ಮನಸ್ಸಿನಲ್ಲಿ ಆಗ ಇದ್ದದ್ದು ಗಡಿಯಾರವಲ್ಲ. ಎಲ್ಲರ ಮುಂದೆ ಇವಳು ಈಗ ಬಾಯಿಬಿಟ್ಟರೆ, "ಅಕ್ಕಾರೂ ಕಟ್ಟಿಕೊಂಡಿದ್ರಲ್ರಿ" ಎಂದು ಹಲ್ಲು ಬಿಟ್ಟರೆ, ಎಂಬ ಒಂದೇ ಚಿತ್ರ ಇತ್ತು. ಕಳ್ಳಿಯ ಮಾತನ್ನು ಯಾರು ನಂಬುತ್ತಾರೆ ಎಂದು ಅವಳು ಯೋಚಿಸಲಿಲ್ಲ. ಯೋಚಿಸಲಿಲ್ಲವೆಂದು ಆಣೆ ಮಾಡಬಲ್ಲಳು. ಚೀಟಿ ತಳ ಮುಟ್ಟಿದ ಸದ್ದು ಕೇಳಿತು. ಬೆರಳ ತುದಿಯಲ್ಲಿ ತಾಮ್ರ ಮೊದಲು ಬೆಚ್ಚಗಾದಂತೆ, ಆಮೇಲೆ ಉಸಿರು ಬಂದಂತೆ ಅನಿಸಿತು. ಚರಗಿ ಮೆಲ್ಲಗೆ, ಒಬ್ಬರು ಕರೆದಾಗ ಕತ್ತು ಹೊರಳಿಸುವಂತೆ ತಿರುಗಿತು. ಮುಮತಾಜ ಉಸಿರೆಳೆದುಕೊಂಡಳು. ಬುಡ್ಡೇಸಾಬ ಚೀಟಿ ಬಿಚ್ಚಿ ನೀಲಗಂಗಾಳ ಕೈಗೆ ಕೊಟ್ಟ. ಓದಬೇಕಾದವಳೂ ಅವಳೇ. ಓದಿದಳು.

ಉಂಗುರದ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬೆರಳು ತಿರುಗಿಸಿದ್ದು ಒಂದು ಗಳಿಗೆ. ಆ ಮಾತನ್ನು ನುಂಗಿ ಕುಳಿತದ್ದು ಎಷ್ಟೋ ಹೊತ್ತು, ಪೂರಾ ಎಚ್ಚರದಲ್ಲಿ, ಪೂರಾ ತಿಳಿವಿನಲ್ಲಿ. ಹೊಳೆವ್ವ ಬೆಪ್ಪಾಗಿ ಚರಗಿಯನ್ನೇ ನೋಡಿದಳು, ಆಮೇಲೆ ನೀಲಗಂಗಾಳನ್ನು ನೋಡಿದಳು. ಆ ನೋಟದಲ್ಲಿ ಬೆದರಿಕೆ ಇತ್ತೋ, ಕೇಳಿಕೆ ಇತ್ತೋ, ಇಂದಿಗೂ ತಿಳಿಯದು. "ನಾಳಿಂದ ಬರಬ್ಯಾಡ ಬೇ," ಎಂದು ಹಾಜಿರಾಬಿ ಮೆಲ್ಲಗೇ ಹೇಳಿದಳು. ಪೊಲೀಸು ಕರೆಯಲಿಲ್ಲ, ಅದೇ ತನ್ನ ದೊಡ್ಡತನವೆಂದು ತಿಳಿದಿದ್ದಳು. ವಾರದೊಳಗೆ ಅವಳು ಕೆಲಸ ಮಾಡುತ್ತಿದ್ದ ಓಣಿಯ ಆರೂ ಮನೆಗಳು ಭಾಂಡೆಗೆ ಬೇರೆಯವರನ್ನು ಹಿಡಿದವು. ಗಡಿಯಲ್ಲಿ ಯುದ್ಧ ನಡೆದಿದ್ದ ದಿನಗಳು. ಎಲ್ಲರೂ ರೇಡಿಯೋದ ಸುತ್ತ ನೆರೆದಿರುತ್ತಿದ್ದರು. ಹೊಳೆವ್ವ ಮಗಳನ್ನು ಕರೆದುಕೊಂಡು ಊರು ಬಿಟ್ಟದ್ದನ್ನು ಯಾರೂ ಗಮನಿಸಲಿಲ್ಲ. ನೀಲಗಂಗಾ ಮಾತ್ರ ಗಮನಿಸಿದ್ದಳು. ಕಿಟಕಿಯ ಹಿಂದೆ ನಿಂತು, ಅವಳು ಹೊರಳಿ ನೋಡಿಯಾಳೇನೋ ಎಂದು ಹೆದರಿ.

ತಿಕೋಟಾದಲ್ಲಿ ಇಳಿದು ಕೇಳುತ್ತ ಹೋದಾಗ ಮನೆ ಬೇಗ ಸಿಕ್ಕಿಬಿಟ್ಟಿತು. ಇನ್ನಷ್ಟು ದೂರ ಇರಬಾರದಿತ್ತೇ ಅನಿಸಿತು. ಊರ ಹೊರಗೆ ರಸ್ತೆಯ ಹತ್ತಿರವೇ ಮಣ್ಣಿನ ಮಾಳಿಗೆಯ ಮನೆ, ಮುಂದೆ ಎಮ್ಮೆ. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಹೆಂಗಸು ಹೊಳೆವ್ವನ ಅಕ್ಕ ಸಕ್ರವ್ವ. ಹೆಸರು, ಊರು ಕೇಳಿದ ಮೇಲೆ ಕೈಯಲ್ಲಿದ್ದ ಮೊರ ಕೆಳಗಿಡದೆಯೇ ಅಂದಳು: "ಓಹೋ, ಚರಗಿ ಹಿಡದ ಅಕ್ಕಾರೇನ್ರಿ? ಬರ್ರಿ ಬರ್ರಿ. ನಮ್ಮ ಮನ್ಯಾಗ ಕಳವಾಗೂವಂಥಾದ್ದು ಏನೂ ಇಲ್ಲ ನೋಡ್ರಿ, ಈ ಮುದಿ ಎಮ್ಮಿ ಬಿಟ್ಟರ. ಅದನ್ನರ ಯಾರ ಒಯ್ತಾರ, ಒಯ್ದಾವನ್ನ ಒದೀತೈತಿ." "ಸುಮ್ನಿರಬೇ ಯಕ್ಕಾ," ಎನ್ನುತ್ತ ಹೊಳೆವ್ವ ಹಿತ್ತಿಲಿಂದ ಬಂದಳು. ಕಪ್ಪಾಗಿದ್ದಳು, ಕೈಗೆ ಜೋಳದ ಗರಿ ಕುಯ್ದ ಗೆರೆಗಳು. ನೀಲಗಂಗಾ ಅಂದುಕೊಂಡಿದ್ದ ಯಾವ ಮುಖವೂ ಅದಲ್ಲ. "ಅಕ್ಕಾರs! ಎಷ್ಟ ದೂರ ಬಂದ್ರಿ? ಬಿಸಲಾಗ ಬಂದೀರಿ, ಕುಂದರ್ರಿ," ಎಂದು ಕಂಬಳಿ ಹಾಸಿದಳು. ಒಳಗೆ ಹೋಗಿ ಚರಗಿ ತುಂಬ ನೀರು ತಂದು ಮುಂದಿಟ್ಟಳು.

ನೀಲಗಂಗಾ ಕುಡಿದಳು, ಅರ್ಧಕ್ಕೆ ನಿಲ್ಲಿಸಲಾರದೆ ಪೂರ್ತಿ ಕುಡಿದಳು. ಬಸ್ಸಿನಲ್ಲಿ ತಿದ್ದಿ ತಿದ್ದಿ ಕಟ್ಟಿಕೊಂಡ ವಾಕ್ಯ ನೀರಿನೊಂದಿಗೆ ಇಳಿದುಹೋಯಿತು. "ಗಡಿಯಾರ ಸಿಕ್ಕಿತು," ಎಂದಳು. ಹೊಳೆವ್ವ ಎರಡೂ ಕೈ ಎದೆಗೆ ಒತ್ತಿಕೊಂಡಳು. "ಸಿಕ್ಕಿತೇನ್ರಿ! ಎಲ್ಲಿ? ಯಕ್ಕಾ, ಕೇಳಿದೇನಬೇ, ಸಿಕ್ಕಿತಂತ!" ಆ ಸಂತೋಷವನ್ನು ನೋಡಲಾರದೆ ನೀಲಗಂಗಾ ಉಳಿದದ್ದನ್ನು ಅವಸರವಾಗಿ ಹೇಳಿದಳು: ಮಾಡದಲ್ಲಿ ಸಿಕ್ಕಿತು, ನೀನೇ ಅಲ್ಲಿ ಮುಚ್ಚಿಟ್ಟಿದ್ದಿ ಅಂತ ಅವರು ತಿಳಿದಾರ. ಸಕ್ರವ್ವ ಥೂ ಎಂದು ಉಗುಳಿದಳು. ಹೊಳೆವ್ವ ಖಾಲಿ ಚರಗಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅವಳು ಹೇಳಿದ್ದು ನೀಲಗಂಗಾಳ ಯಾವ ಸಿದ್ಧತೆಯೊಳಗೂ ಇರಲಿಲ್ಲ.

"ಅವರಂದಿದ್ದೂ ಪೂರಾ ಸುಳ್ಳಲ್ರಿ ಅಕ್ಕಾರ. ನಾ ಕೈಲೆ ಮುಟ್ಟಿಲ್ಲ ಖರೆ. ಆದ್ರ ಮನಸಿನ್ಯಾಗ ತಗೊಂಡಿದ್ದೆ. ಅವತ್ತ ನಿಮ್ಮ ಕೈಯಾಗ ನೋಡಿದ್ನಲ್ಲಾ, ಅವತ್ತಿಂದ. ನನ್ನ ಮಗಳ ಕೈಗೆ ಅದನ್ನ ಕಟ್ಟಿ ಕಟ್ಟಿ ನೋಡತಿದ್ದೆ, ಇಲ್ಲಿ," ಎಂದು ಹಣೆ ಮುಟ್ಟಿಕೊಂಡಳು. "ಭಾಂಡೆ ತಿಕ್ಕೂವಾಗೆಲ್ಲಾ ಅದs. ಹಿಂಗಾಗಿ ಚರಗಿ ತಿರುಗಿದಾಗ ನಾ ಬಾಯಿ ಬಿಡಲಿಲ್ಲ. ಅದು ಮನಸ ನೋಡತೈತಲ್ರಿ. ಮನಸ್ಸಿಗೆ ಕಳ್ಳಿ ಅಂದೆ ನಾನ. ನಾಕ ತಿಂಗಳಾತು, ಸೋಮವಾರ ಸೋಮವಾರ ನೀರ ಸೈತ ಬಿಟ್ಟೇನಿ, ಆ ಆಸಿ ಹೋಗಲಿ ಅಂತ."

"ನಾನು ಕಟ್ಟಿಕೊಂಡಿದ್ದನ್ನ ನೀ ಯಾಕ ಯಾರ ಮುಂದೂ ಹೇಳಲಿಲ್ಲ?" ಎಂದು ಕೇಳಿದಳು ನೀಲಗಂಗಾ.

"ಯಾವುದು?" ಹೊಳೆವ್ವ ನಿಜವಾಗಿಯೇ ಗಲಿಬಿಲಿಯಾದಳು. "ನೀವು ಟೈಮ್ ನೋಡಿದ್ದೇನ್ರಿ? ಅದೇನ ಹೇಳೂ ಮಾತ್ರಿ? ಹೆಣ್ಣಮಕ್ಕಳು ಕಟಗೊಂಡ ನೋಡತೇವಿ."

ಅಂದರೆ ಆ ಭಯಕ್ಕೆ ಕಾರಣವೇ ಇರಲಿಲ್ಲ. ಬೆರಳು ಯಾವುದನ್ನು ಮುಚ್ಚಲು ತಿರುಗಿತ್ತೋ ಅದು ಇವಳ ನೆನಪಿನಲ್ಲಿ ಒಂದು ಮಾತಾಗಿಯೂ ಉಳಿದಿರಲಿಲ್ಲ. ಎದುರಿಗೆ ಕುಳಿತಿದ್ದಾಳೆ: ಏನೂ ಮಾಡದೆ, ಬರೀ ಬಯಸಿದ್ದಕ್ಕೆ ನಾಲ್ಕು ತಿಂಗಳು ತನ್ನನ್ನು ಕಳ್ಳಿ ಎಂದುಕೊಂಡವಳು. ಇತ್ತ ತಾನು, ಎರಡು ಸಲ ಮಾಡಿ, ಬಯಸಿರಲಿಲ್ಲ ಎಂಬುದನ್ನೇ ಹೊದ್ದುಕೊಂಡು ಬೆಚ್ಚಗೆ ಮಲಗಿದವಳು. ಈಗಲೂ ಏಳಬಹುದು, ನೀರು ಕುಡಿದಾಯಿತು, ಸುದ್ದಿ ತಲುಪಿಸಿದ್ದಾಯಿತು. ಇವಳು ತನ್ನ ಮನಸ್ಸಿನ ಮೇಲೆ ಅಪರಾಧ ಹೊತ್ತುಕೊಂಡೇ ಇದ್ದಾಳೆ, ಕೇಳದೆಯೇ. ಆ ವಿಚಾರ ಎಷ್ಟು ಹಗುರಾಗಿ ಬಂದು ಪಕ್ಕದಲ್ಲಿ ಕುಳಿತಿತೆಂದರೆ ನೀಲಗಂಗಾ ಬೆದರಿದಳು. ಖಾಲಿ ಚರಗಿಯನ್ನು ಎಳೆದುಕೊಂಡಳು. "ಹಿಡಿ ಇದನ್ನ. ನಿನ್ನ ಬೆರಳು ಕೊಡು," ಎಂದಳು. ಹಾಜರಿ ಪುಸ್ತಕದ ಕೊನೆಯ ಹಾಳೆ ಹರಿದು ತನ್ನ ಹೆಸರು ಬರೆದಳು. ಅದನ್ನು ಓದಿ ಹೇಳಿದಳು, ಒಳಗೆ ಹಾಕಿದಳು. "ನೋಡು, ಬೆರಳs ಇದನ್ನ ತಿರುಗಸತೈತಿ. ಈಗ ನಾ ತೋರಸತೀನಿ." ಸಕ್ರವ್ವ ಮೊರ ಬಿಟ್ಟು ಹತ್ತಿರ ಬಂದು ಕುಳಿತಳು.

ಚರಗಿ ಇಬ್ಬರ ಬೆರಳ ಮೇಲೆ ಎದ್ದಿತು. ನೀಲಗಂಗಾ ತಿರುಗಿಸಲು ನೋಡಿದಳು. ಅಂದು ನೆನೆಸದೆಯೇ ಆದದ್ದು ಇಂದು ಮನಸ್ಸಿನ ಎಲ್ಲ ಬಲ ಹಾಕಿದರೂ ಆಗಲಿಲ್ಲ. ಬೆರಳು ಸೆಟೆದು ಮರಗಟ್ಟಿತು, ಚರಗಿ ನಡುಗಿತು, ತಿರುಗಲಿಲ್ಲ. ಆಚೆ ಕಡೆಯಿಂದ ಏನೋ ಅದನ್ನು ಗಟ್ಟಿಯಾಗಿ ಹಿಡಿದಿತ್ತು. ಹೊಳೆವ್ವ ಕಣ್ಣು ಮುಚ್ಚಿಕೊಂಡಿದ್ದಳು, ತುಟಿ ಅಲುಗುತ್ತಿದ್ದವು. ಅಕ್ಕಾರ ಹೆಸರಿಗೆ ತಿರುಗದಿರಲಿ ಎಂದು ಅವಳು ಬೇಡುತ್ತಿದ್ದಾಳೆಂದು ನೀಲಗಂಗಾಳಿಗೆ ತಿಳಿಯಿತು. ಬೇಡುತ್ತಿದ್ದದ್ದು ಮನಸ್ಸು, ತಡೆಯುತ್ತಿದ್ದದ್ದು ಬೆರಳು, ಅದು ಅವಳಿಗೂ ಗೊತ್ತಿಲ್ಲ. "ನೋಡ್ರಿ," ಎಂದು ಹೊಳೆವ್ವ ಕಣ್ಣು ತೆರೆದು ನಕ್ಕಳು, ಆ ಹಳೆಯ ಹಲ್ಲುಬಿಟ್ಟ ನಗು. "ನಿಮ್ಮ ಹೆಸರಿಗೆ ತಿರುಗೂದಿಲ್ಲ ಅದು."

"ನಾನ ಮಾಡದಾಗ ಇಟ್ಟಿದ್ದೆ," ಎಂದಳು ನೀಲಗಂಗಾ. "ನಾನ ಇಟ್ಟು ಮರತಿದ್ದೆ. ಆದ್ರ ಚರಗ್ಯಾಗ ಬಿದ್ದದ್ದು ನಿನ್ನ ಹೆಸರು ಅಂತ ನನಗ ಗೊತ್ತಿತ್ತು. ಚೀಟಿಗೆ ಕೆಂಪ ಗೆರಿ ಇತ್ತು, ನಾ ನೋಡಿದ್ದೆ. ಮನಸ್ಸಿನ್ಯಾಗ ನಿನ್ನ ಹೆದರಿಕಿ ಇತ್ತು, ಬೆರಳ ತಿರುಗಿಸಿತು. ನಿನ್ನ ಮನಸ್ಸು ನೋಡಿ ತಿರುಗಿಲ್ಲ ಅದು. ನನ್ನ ಮನಸ್ಸು ನೋಡಿ ತಿರುಗೇತಿ. ಹಿಂಗ ಆಗತೈತಿ ಅಂತ ನನಗ ಅವತ್ತs ಗೊತ್ತಿತ್ತು. ಹೇಳಲಿಲ್ಲ."

ಹೊಳೆವ್ವ ಬೆರಳು ತೆಗೆದಳು. ಚರಗಿ ಒಂದು ಕಡೆ ವಾಲಿ ನೆಲಕ್ಕೆ ಬಿದ್ದು ಉರುಳಿತು, ಅದರೊಳಗಿಂದ ಚೀಟಿ ಅರ್ಧ ಹೊರಗೆ ಬಂದು ನಿಂತಿತು. ಎಮ್ಮೆ ಬಾಲ ಬೀಸಿತು. ಅವಳ ಮುಖದಲ್ಲಿ ನಗು ಹೋದದ್ದು ಯಾವಾಗಲೋ. ಈಗ ಬರುತ್ತಿದ್ದದ್ದನ್ನು ನೀಲಗಂಗಾ ಹಿಂದೆಂದೂ ನೋಡಿರಲಿಲ್ಲ. "ನಾಕ ತಿಂಗಳ ನಾ ನನ್ನ ಮನಸ್ಸಿಗೆ ಬೈಕೊಂತ ಕುಂತೇನ್ರಿ," ಎಂದಳು. "ನನ್ನ ಮಗಳು ಆ ಗಡಿಯಾರದ ಸುದ್ದಿ ತಗದ್ರ ಬಡದೇನಿ ಅಕ್ಕಾರ. ನಮ್ಮ ರಗತದಾಗs ಕಳ್ಳತನ ಐತಿ ಅಂತ." ನೀಲಗಂಗಾ ಏನೋ ಹೇಳಲು ಹೋದಳು. "ಬ್ಯಾಡ್ರಿ. ಇಲ್ಲಿ, ಎಮ್ಮಿ ಮುಂದ, ನನ್ನ ಮುಂದ ಹೇಳಿದ್ರ ಏನ ಬಂತು? ಈಗೇನ ಅಂದ್ರಿ, ಅದನ್ನ ಅಲ್ಲಿ ಬಂದ ಹೇಳ್ರಿ. ಹಾಜಿರಾಬಿ ಅಂಗಳದಾಗ. ಆರೂ ಮನಿಯವರನ್ನ ಕರೀರಿ. ಕೆಂಪ ಗೆರಿ ಸೈತ ಹೇಳ್ರಿ." ಸಕ್ರವ್ವ, "ಅಕಿ ಏನ ಹೇಳತಾಳ, ಮುಂದಿನ ವಾರ ಅಂತಾಳ," ಎಂದು ಎದ್ದು ಮೊರ ತೆಗೆದುಕೊಂಡಳು. ಅದೇ ಮಾತು ನೀಲಗಂಗಾಳ ಬಾಯಿಯ ಹತ್ತಿರ ಬಂದಿತ್ತು: ಮುಂದಿನ ರವಿವಾರ, ಹಬ್ಬ ಮುಗಿದ ಮೇಲೆ, ಅವ್ವನಿಗೆ ಮೊದಲು ಹೇಳಿ. ಅಷ್ಟರಲ್ಲಿ ಹೊಳೆವ್ವ ಒಳಗೆ ಹೋಗಿ ಬೇರೆ ಸೀರೆ ಉಟ್ಟುಕೊಂಡು ಬಂದಿದ್ದಳು.

ಇಬ್ಬರೂ ರಸ್ತೆಗೆ ಬಂದು ಬೇವಿನ ಮರದ ಕೆಳಗೆ ನಿಂತರು. ನಿಲ್ದಾಣ ಊರೊಳಗೆ, ಕೈ ಮಾಡಿದರೆ ಇಲ್ಲಿಯೂ ನಿಲ್ಲಿಸುತ್ತಾರೆ. ಕನಮಡಿಗೆ ಹೋದ ಬಸ್ಸು ತಿರುಗಿ ಬರುವ ಹೊತ್ತು. ಸಾಲೆಯ ಕೋಣೆ, ಮಕ್ಕಳ ತಾಯಂದಿರು, ಹೆಡ್‌ಮಿಸ್ಟ್ರೆಸ್ಸರ ಕನ್ನಡಕ, ಅವ್ವನ ಬಾಗಿಲು, ಮುಮತಾಜಳ ತೆರೆದ ಬಾಯಿ, ಎಲ್ಲ ಒಂದೊಂದಾಗಿ ಬಂದು ನೀಲಗಂಗಾಳ ಮುಂದೆ ನಿಂತವು. ದೂರದಲ್ಲಿ ಧೂಳು ಎದ್ದಿತು. ಹೊಳೆವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. "ನಾ ಕೈ ಮಾಡೂದಿಲ್ರಿ," ಎಂದಳು. "ನೀವ ಮಾಡ್ರಿ. ಇಲ್ಲಂದ್ರ ನಾಳಿ, ಹೊಳೆವ್ವ ಎಳಕೊಂಡ ಬಂದ್ಲು ಅಂತೀರಿ."

ಬಸ್ಸು ತಿರುವಿನಲ್ಲಿ ಕಂಡಿತು. ನೀಲಗಂಗಾ ತನ್ನ ಬಲಗೈಯನ್ನು ನೋಡಿದಳು. ಅದು ಹಾಜರಿ ಪುಸ್ತಕ ಹಿಡಿದು ಜೋತುಬಿದ್ದಿತ್ತು. ಏಳುತ್ತದೋ ಇಲ್ಲವೋ ಎಂದು ಅವಳು ಕಾದಳು, ನಳದ ಕಟ್ಟೆಯ ಹತ್ತಿರ ಕಾದಂತೆ, ತಾಮ್ರದ ಅಂಚಿನ ಕೆಳಗೆ ಕಾದಂತೆ. ಅದು ಏಳಲಿಲ್ಲ. ಬಸ್ಸಿನ ಮುಖ ದೊಡ್ಡದಾಯಿತು, ಚಾಲಕನ ಕೆಂಪು ರುಮಾಲು ಕಾಣಿಸಿತು. ಹೀಗೆ ಕಾಯುತ್ತ ನಿಂತದ್ದೇ ತಾನು ಮಾಡುತ್ತಿರುವ ಕೆಲಸ ಎಂದು ಅವಳಿಗೆ ಆಗ ಹೊಳೆಯಿತು. ಕಾಯುತ್ತಿರುವವಳು ಬೇರೆ, ಕೈ ಬೇರೆ ಎಂಬಂತೆ ನಿಂತದ್ದೇ. ಪುಸ್ತಕವನ್ನು ಎಡಗೈಗೆ ಬದಲಿಸಿದಳು. ಕೈ ತುಂಬಿದ ಕೊಡದಷ್ಟು ಭಾರವಾಗಿತ್ತು. ಮೊಳಕೈ, ಮಣಿಕಟ್ಟು, ಬೆರಳು, ಒಂದೊಂದನ್ನೂ ಬೇರೆ ಬೇರೆ ಎತ್ತಬೇಕಾಯಿತು. ಎತ್ತಿದಳು. ಬಸ್ಸು ಅವರನ್ನು ದಾಟಿ, ಹತ್ತು ಮಾರು ಮುಂದೆ ಹೋಗಿ, ಕಿರುಚಿ ನಿಂತಿತು.

ಅದೇ ಕಂಡಕ್ಟರು. "ಈಗರ ಗೊತ್ತೈತೇನ್ರಿ ಅಕ್ಕಾರ, ಎಲ್ಲಿಗೆ ಅಂತ?" ಎಂದ.

"ವಿಜಾಪುರ," ಎಂದಳು. "ಎರಡು."

ಹೊಳೆವ್ವ ಅವಳ ಪಕ್ಕದಲ್ಲಿ ಕೂಡಲಿಲ್ಲ. ಒಂದು ಸೀಟು ಬಿಟ್ಟು ಹಿಂದೆ ಕುಳಿತಳು. ನೀಲಗಂಗಾ ಹೊರಳಿ ನೋಡಲಿಲ್ಲ. ಹಾಜರಿ ಪುಸ್ತಕವನ್ನು ತೊಡೆಯ ಮೇಲಿಟ್ಟು, ತನ್ನ ಎರಡೂ ಕೈಗಳನ್ನು ಎತ್ತಿ ಮುಂದಿನ ಸೀಟಿನ ಸರಳಿನ ಮೇಲೆ, ಹಿಂದೆ ಕುಳಿತವಳಿಗೆ ಕಾಣುವಂತೆ, ಇಟ್ಟಳು.